ಕಸದ ಲಾರಿ ಕರೆದಾಗಲೆಲ್ಲ ನಮ್ಮ ಫೋನು ಹೋಗಬೇಕೆ?

ಪುರಸಭೆಯ ಡಿಜಿಟಲ್ ಸೇವೆಗಳ ನಿರ್ದೇಶಕರಿಗೆ,

ಮಾನ್ಯರೇ,

‘ಕೇಳದೆ ಬಂದದ್ದೇ ಕೊಡುಗೆ, ಕೇಳಿ ಪಡೆದದ್ದು ಬರಿಯ ಸಾಮಾನು’ ಎಂಬ ಒಂದು ಸಾಲನ್ನು ಓದುವ ದಿನಗಳಲ್ಲಿ ಎಲ್ಲಿಯೋ ಕಂಡಿದ್ದೆ. ಯಾರು ಬರೆದದ್ದೆಂದು ನೆನಪಿಲ್ಲ. ‘ಕೊಡುಗೆ’ ಎಂದಿತ್ತೋ ‘ಕರುಣೆ’ ಎಂದಿತ್ತೋ ಅದೂ ಖಚಿತವಿಲ್ಲ. ಬಹಳ ವರ್ಷ ಆ ಸಾಲು ನನ್ನ ಮಟ್ಟಿಗೆ ಸತ್ಯವಾಗಿತ್ತು, ಏಕೆಂದರೆ ಅಷ್ಟು ವರ್ಷ ನಮ್ಮ ಬೀದಿಗೆ ಕೇಳದೆ ಬರುತ್ತಿದ್ದದ್ದು ಮಳೆ, ಪಕ್ಕದ ಮನೆಯ ಬೆಕ್ಕು ಮತ್ತು ಹುಳಿ ಕಿತ್ತಳೆ ಮಾತ್ರ. ಈಗ ಅನುಮಾನ ಹುಟ್ಟಿದೆ. ಆ ಸಾಲು ಬರೆದವರ ಕಾಲದಲ್ಲಿ ಕಸದ ಲಾರಿಗಳ ನೆತ್ತಿಯ ಮೇಲೆ ಉಚಿತ ವೈಫೈ ಇರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ಗುರುವಾರ ಬೆಳಿಗ್ಗೆ ನಿಮ್ಮ ವಿಭಾಗದ ಉಚಿತ ಜಾಲವು ನಮ್ಮ ನೆರೆಮನೆಯ ಅಜ್ಜಿ ದೋನ್ಯಾ ಫಿಡೆಲಿಯಾ ಪೂತ್ ಅವರ ಫೋನನ್ನು, ಅವರನ್ನು ಒಂದು ಮಾತೂ ಕೇಳದೆ, ತನ್ನತ್ತ ಎಳೆದುಕೊಂಡಿತು. ಆ ಹೊತ್ತಿನಲ್ಲಿ ಆ ಫೋನಿನೊಳಗೆ ಮೆರಿದಾ ನಗರದ ಕಣ್ಣಾಸ್ಪತ್ರೆಯ ಡಾಕ್ಟರು ಇದ್ದರು. ವೀಡಿಯೊ ಕರೆ ಕಡಿದುಹೋಯಿತು. ಆಸ್ಪತ್ರೆಯ ಲೆಕ್ಕದಲ್ಲಿ ‘ರೋಗಿ ಹಾಜರಿರಲಿಲ್ಲ’ ಎಂದಾಯಿತು. ಪೊರೆ ತೆಗೆಯುವ ಶಸ್ತ್ರಚಿಕಿತ್ಸೆಗೆ ಇನ್ನೇನು ತಮ್ಮ ಸರದಿ ಬಂತು ಎಂದು ಕಾದಿದ್ದವರು ಸಾಲಿನ ತುದಿಗೆ ಹೋಗಿ ನಿಂತಿದ್ದಾರೆ. ಆ ತುದಿ ಎಲ್ಲಿದೆ ಎಂದು ಕೇಳಿದರೆ ಆಸ್ಪತ್ರೆಯವರು ‘ಮುಂದಿನ ವರ್ಷ, ಬಹುಶಃ’ ಎನ್ನುತ್ತಾರೆ. ಆ ‘ಬಹುಶಃ’ ನಮಗೆ ಹೆದರಿಕೆ ಹುಟ್ಟಿಸಿದೆ.

ದೋನ್ಯಾ ಫಿಡೆಲಿಯಾ ಯಾರೆಂದು ನಿಮಗೆ ತಿಳಿಯದು. ಪುರಸಭೆಯ ಕಚೇರಿಯಿಂದ ನಮ್ಮ ಬೀದಿಗೆ ನಡೆದೇ ಬರಬಹುದಾದರೂ ಯಾರೂ ನಡೆದು ಬಂದದ್ದನ್ನು ನಾನು ಕಂಡಿಲ್ಲ. ಬಿಸಿಲಿಳಿದ ಮೇಲೆ ನಮ್ಮ ಬೀದಿಯವರೆಲ್ಲ ಕುರ್ಚಿಗಳನ್ನು ಹೊರಗೆಳೆದು ಬಾಗಿಲ ಮುಂದೆ ತಂಗಾಳಿಗೆ ಕೂರುತ್ತೇವೆ. ಆಗ ಲೊಟೆರಿಯಾ ಆಡುವುದು ವಾಡಿಕೆ. ಚಿತ್ರದ ಎಲೆಯೊಂದನ್ನು ಎತ್ತಿ ಅದರ ಹೆಸರನ್ನು ಕೂಗುವವರು ಒಬ್ಬರು. ತಮ್ಮ ಹಲಗೆಯಲ್ಲಿ ಆ ಚಿತ್ರವಿದ್ದರೆ ಅದರ ಮೇಲೆ ಒಂದು ಜೋಳದ ಕಾಳನ್ನಿಡುವವರು ಉಳಿದವರು. ಕೂಗುವುದು ದೋನ್ಯಾ ಫಿಡೆಲಿಯಾರ ಹಕ್ಕು. ಅವರು ಬರಿಯ ಹೆಸರು ಕೂಗುವುದಿಲ್ಲ, ಪ್ರತಿ ಎಲೆಗೂ ಬೀದಿಯಲ್ಲಿ ಯಾರಿಗಾದರೂ ತಾಗುವ ಒಂದು ಚುಚ್ಚುಮಾತನ್ನು ಆಗಿಂದಾಗ ಕಟ್ಟಿ ಸೇರಿಸುತ್ತಾರೆ. ನಾನು ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದವಳು, ಕಾಲೇಜಿನಲ್ಲಿ ಕವಿತೆ ಪಾಠ ಹೇಳುವವಳು. ಆದರೂ ಕವಿತೆ ಕೇಳಬೇಕೆನಿಸಿದರೆ ಕುರ್ಚಿ ಎಳೆದುಕೊಂಡು ಅಲ್ಲಿಗೇ ಹೋಗುತ್ತೇನೆ.

ಕೆಲವು ತಿಂಗಳಿಂದ ಅವರು ಹೃದಯದ ಚಿತ್ರವನ್ನೆತ್ತಿ ‘ಕಲ್ಲಂಗಡಿ’ ಎನ್ನುತ್ತಿದ್ದಾರೆ. ಹುಂಜವನ್ನು ಗಿಳಿ ಎಂದದ್ದುಂಟು. ನಾವು ಯಾರೂ ತಿದ್ದಿಲ್ಲ, ಕಲ್ಲಂಗಡಿಯ ಮೇಲೇ ಕಾಳಿಟ್ಟು ಗೆದ್ದಿದ್ದೇವೆ. ನಮ್ಮ ಬೀದಿಯ ಲೊಟೆರಿಯಾದಲ್ಲಿ ಈಗ ಹೃದಯಗಳೇ ಇಲ್ಲ. ಎಷ್ಟು ದಿನ ಹೀಗೆ ನಡೆಸಬಹುದು ಎಂದು ಅವರಿಗೂ ಗೊತ್ತಿದೆ, ನಮಗೂ ಗೊತ್ತಿದೆ. ಅದಕ್ಕೇ ಆ ಕರೆಗಾಗಿ ಇಡೀ ಬೀದಿ ಕಾದಿತ್ತು.

ಇನ್ನು ನಿಮ್ಮ ಜಾಲದ ವಿಷಯ. ಅದರ ಹೆಸರು ‘ಸದಾ ನಿಮ್ಮೊಂದಿಗೆ’. ಹೆಸರಿಟ್ಟವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಕಳೆದ ವರ್ಷ ಚೌಕದಲ್ಲಿ ಅದರ ಉದ್ಘಾಟನೆಯಾದಾಗ, ಫೋನನ್ನು ಜಾಲಕ್ಕೆ ಸೇರಿಸಿ ತೋರಿಸಿದವರಿಗೆಲ್ಲ ಒಂದೊಂದು ಮಾರ್ಕೆಸಿತಾ ಉಚಿತ ಎಂದು ಸಾರಿದಿರಿ. ಗರಿಗರಿ ಸುರುಳಿಯೊಳಗೆ ತುರಿದ ಚೀಸ್ ತುಂಬಿ ಕೊಡುತ್ತಾರೆಂದರೆ ಈ ಊರಿನವರು ಫೋನೇನು, ಮನೆಯ ಬೀಗದ ಕೈಯನ್ನೂ ತೋರಿಸುತ್ತಾರೆ. ಊರಿಗೆ ಊರೇ ಸಾಲು ನಿಂತು ಜಾಲ ಸೇರಿತು, ಮಾರ್ಕೆಸಿತಾ ತಿಂದಿತು, ಬಾಯಿ ಒರೆಸಿಕೊಂಡು ಮನೆಗೆ ಬಂದಿತು. ವ್ಯವಹಾರ ಅಲ್ಲಿಗೆ ಮುಗಿಯಿತೆಂದು ನಾವು ತಿಳಿದೆವು. ಫೋನುಗಳಿಗೆ ಹಾಗೆ ತಿಳಿಯಲಿಲ್ಲ. ಒಮ್ಮೆ ಸೇರಿದ ಜಾಲದ ಹೆಸರನ್ನು ಅವು ನೆನಪಿಟ್ಟುಕೊಳ್ಳುತ್ತವೆ, ಅದೇ ಹೆಸರು ಎಲ್ಲಿ ಸಿಕ್ಕರೂ ಒಡೆಯರನ್ನು ಕೇಳದೆ ಓಡಿಹೋಗಿ ಸೇರಿಕೊಳ್ಳುತ್ತವೆ.

ಇಷ್ಟಕ್ಕೇ ನಿಂತಿದ್ದರೆ ಚೌಕದ ಆಸುಪಾಸಿನವರಿಗೆ ಮಾತ್ರ ತೊಂದರೆಯಾಗುತ್ತಿತ್ತು. ಆದರೆ ನೀವು ಅದೇ ಹೆಸರಿನ ಜಾಲವನ್ನು ಮಾರುಕಟ್ಟೆಯಲ್ಲಿ ಹಾಕಿದಿರಿ, ಬಸ್ಸುಗಳಲ್ಲಿ ಹಾಕಿದಿರಿ, ಸ್ಮಶಾನದ ಗೇಟಿನಲ್ಲೂ ಹಾಕಿದಿರಿ. ಅಲ್ಲಿ ‘ಸದಾ ನಿಮ್ಮೊಂದಿಗೆ’ ಎಂಬ ಫಲಕವನ್ನು ಓದಿ ಕೆಲವು ವಿಧವೆಯರು ನಕ್ಕರು, ಕೆಲವರು ಬೆಚ್ಚಿದರು. ಕೊನೆಗೆ ಕಸದ ಲಾರಿಗಳ ಮೇಲೂ ಬಂತು. ‘ಸಂಚಾರಿ ಇಂಟರ್ನೆಟ್ ಇನ್ನು ನಿಮ್ಮ ಮನೆ ಬಾಗಿಲಿಗೆ’ ಎಂದು ಕರಪತ್ರದಲ್ಲಿತ್ತು. ಸ್ವಾಮಿ, ಕಸದ ಲಾರಿ ನಮ್ಮ ಬಾಗಿಲಲ್ಲಿ ನಿಲ್ಲುವುದು ಎಷ್ಟು ಹೊತ್ತು? ಗಂಟೆ ಬಾರಿಸುತ್ತ ಬರುತ್ತದೆ, ನಾವು ಚೀಲ ಹಿಡಿದು ಓಡುತ್ತೇವೆ, ಹೋಗುತ್ತದೆ. ಕೈಯಲ್ಲಿ ಸೋರುವ ಚೀಲ ಹಿಡಿದು ಓಡುವವರು ಆ ಹೊತ್ತಿನಲ್ಲಿ ಇಂಟರ್ನೆಟ್ ನೋಡುತ್ತಾರೆಂದು ನಿಮಗೆ ಯಾರು ಹೇಳಿದರು? ನಾವು ನೋಡುವುದಿಲ್ಲ. ನಮ್ಮ ಫೋನುಗಳು ಮಾತ್ರ ಮನೆಯೊಳಗೆ ಮೇಜಿನ ಮೇಲೆ ಕೂತಲ್ಲಿಂದಲೇ ಲಾರಿಯನ್ನು ಹತ್ತಿ ಮೂಲೆಯವರೆಗೆ ಹೋಗಿ ಬರುತ್ತವೆ.

ಆ ಗುರುವಾರ ನನಗೆ ರಜೆ ಇತ್ತು. ಕರೆಯ ಹೊತ್ತಿಗೆ ಜೊತೆಗಿರಲೆಂದು ದೋನ್ಯಾ ಫಿಡೆಲಿಯಾರ ಮನೆಗೆ ಹೋದೆ. ಅವರು ಕಸೂತಿ ಹಾಕಿದ ಒಳ್ಳೆಯ ಹಿಪಿಲ್ ನಿಲುವಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತಿದ್ದರು.

“ಕಣ್ಣು ತೋರ್ಸೋಕೆ ಇಷ್ಟೊಂದು ಸಿಂಗಾರ ಯಾಕೆ ದೋನ್ಯಾ?” ಎಂದೆ.

“ಅವ್ರು ನನ್ನ ನೋಡ್ತಾರಲ್ಲಮ್ಮ. ನಂಗೆ ಅವ್ರು ಕಾಣ್ದೇ ಇರೋದು ಬೇರೆ ವಿಷ್ಯ.”

ಕರೆ ಬಂತು. ಡಾಕ್ಟರ ದನಿ ಕೇಳಿಸಿತು. ಹೆಸರು, ವಯಸ್ಸು ವಿಚಾರಿಸಿದರು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಗಂಟೆ. ದೋನ್ಯಾ ಫಿಡೆಲಿಯಾ ಪರದೆಯಿಂದ ಮುಖ ತಿರುಗಿಸದೆ ಮೂಲೆಯಲ್ಲಿದ್ದ ಕಸದ ಚೀಲದತ್ತ ಕೈ ಮಾಡಿದರು. ನಮ್ಮ ಸೆಕೆಯಲ್ಲಿ ಒಂದು ಸರದಿ ತಪ್ಪಿಸಿದರೆ ಆ ಚೀಲ ಏನಾಗುತ್ತದೆಂದು ನಿಮಗೂ ಗೊತ್ತು. ನಾನು ಅವರ ಚೀಲವನ್ನೂ ನನ್ನದನ್ನೂ ಹಿಡಿದು ಓಡಿದೆ. ರಟ್ಟು ಬೇರೆ, ಬಾಟಲಿ ಬೇರೆ ಮಾಡಿಕೊಡಲು ತುಸು ಹೊತ್ತಾಯಿತು. ವಾಪಸು ಬಂದಾಗ ಅವರು ಫೋನಿನ ಮುಂದೆ ಬಾಗಿ, ಬಹಳ ಸಮಾಧಾನದಿಂದ ಹೇಳುತ್ತಿದ್ದರು:

“ಎಡಗಣ್ಣಲ್ಲಿ, ಡಾಕ್ಟ್ರೇ, ಜೋಳ ನೆನೆಹಾಕಿದ ಸುಣ್ಣದ ನೀರು ತುಂಬ್ದಂಗೆ. ಬಲಗಣ್ಣು ಇಷ್ಟು ದಿನ ಒಳ್ಳೇದಿತ್ತು, ಈಗ ಅದೂ ತನ್ನ ಅಕ್ಕನ್ನ ನೋಡಿ ಕೆಡ್ತಾ ಇದೆ. ನೀವು ಏನೂ ಹೇಳ್ತಾನೇ ಇಲ್ವಲ್ಲ. ಪರವಾಗಿಲ್ಲ, ಕೇಳ್ಕೊಳ್ಳಿ. ನಾನು ಎಲ್ಲಾ ಹೇಳ್ಬಿಡ್ತೀನಿ.”

ನಾನು ಪರದೆಯನ್ನು ನೋಡಿದೆ. ಅಲ್ಲಿ ಡಾಕ್ಟರಿರಲಿಲ್ಲ. ನಿಮ್ಮ ಜಾಲದ ಸ್ವಾಗತ ಪುಟವಿತ್ತು. ಪುಟದ ತುಂಬ ಪುರಸಭೆಯ ಅಧ್ಯಕ್ಷರ ಭಾವಚಿತ್ರ. ಬಿಳಿ ಗುವಾಯಬೆರಾ ಅಂಗಿ, ಎದೆಯ ಮೇಲೆ ಕೈ, ಕರುಣೆಯ ನಗು. ಪೊರೆ ಬಂದ ಕಣ್ಣಿಗೆ ಬಿಳಿ ಅಂಗಿ ತೊಟ್ಟವರೆಲ್ಲ ಡಾಕ್ಟರೇ ಅಲ್ಲವೆ? ಕೆಳಗೆ ‘ಒಪ್ಪಿದ್ದೇನೆ’ ಎಂಬ ದೊಡ್ಡದೊಂದು ಹಸಿರು ಗುಂಡಿ ಇತ್ತು. ದೋನ್ಯಾ ಫಿಡೆಲಿಯಾ ಅದನ್ನು ಆಗಲೇ ಒತ್ತಿದ್ದರು, ಮಾತು ಕೇಳಿಸಲು ಒತ್ತಬೇಕಾದ ಗುಂಡಿ ಎಂದುಕೊಂಡು. ಲಾರಿ ಮೂಲೆ ತಿರುಗಿತು, ಜಾಲವೂ ಅದರ ಜೊತೆಗೆ ಹೋಯಿತು. ಅಧ್ಯಕ್ಷರು ಮಾತ್ರ ಸಕ್ಕರೆ ಡಬ್ಬಿಗೆ ಒರಗಿ ನಗುತ್ತ ಉಳಿದರು.

ನಾನು ವಿಷಯ ಹೇಳಿದೆ. “ಅದಕ್ಕೇ ಅಷ್ಟು ಚೆನ್ನಾಗಿ ಕೇಳಿಸ್ಕೊಂಡ್ರು,” ಎಂದರು ಅವರು. ಎದ್ದು ಒಳಗೆ ಹೋಗಿ ಒಳ್ಳೆಯ ಹಿಪಿಲನ್ನು ಬಿಚ್ಚಿ ಮಡಿಸಿಟ್ಟು, ದಿನದ ಬಟ್ಟೆ ಉಟ್ಟು ಬಂದರು. ಮಡಿಸುವಾಗ ಅಂಚಿಗೆ ಅಂಚು ಕೂಡಿದೆಯೆ ಎಂದು ಅವರು ಬೆರಳಿನಿಂದ ಮುಟ್ಟಿ ನೋಡಿದ್ದನ್ನು ನಾನು ಬಾಗಿಲ ಸಂದಿನಿಂದ ಕಂಡೆ. ಆ ನೋಟವಿಲ್ಲದಿದ್ದರೆ ಈ ಪತ್ರವನ್ನು ನಾನು ಬರೆಯುತ್ತಿರಲಿಲ್ಲ.

ಆಸ್ಪತ್ರೆಗೆ ಫೋನು ಮಾಡಿದೆ. ಮಾತಾಡಿದ ಹೆಣ್ಣುಮಗಳು ಒಳ್ಳೆಯವಳೇ. “ಡಾಕ್ಟ್ರು ಮತ್ತೆ ಮತ್ತೆ ಟ್ರೈ ಮಾಡಿದ್ರು ಮೇಡಂ, ಆ ಕಡೆ ಯಾರೂ ಇರ್ಲಿಲ್ಲ,” ಎಂದಳು. ನಾನು ಲಾರಿಯ ಕಥೆ ಹೇಳಿದೆ. ಅವಳು ನಗು ತಡೆದುಕೊಂಡದ್ದು ನನಗೆ ಗೊತ್ತಾಯಿತು. ನಾನಾಗಿದ್ದರೂ ನಗುತ್ತಿದ್ದೆ. ಆಮೇಲೆ ಮೆಲ್ಲಗೆ, “ನಿಮ್ಮ ಪುರಸಭೆಯವ್ರು ಹೀಗಾಯ್ತು ಅಂತ ಒಂದು ಸಾಲು ಬರೆದು ಸೀಲ್ ಹಾಕಿ ಕೊಟ್ರೆ ಅಜ್ಜಿಯವರ ಸರದಿ ಮೊದಲಿದ್ದ ಕಡೆಗೇ ಬರುತ್ತೆ. ಆದ್ರೆ ಈ ತಿಂಗಳ ಕೊನೆ ಒಳಗೆ ಬೇಕು. ಆಮೇಲೆ ಜಾಗ ಬೇರೆಯವ್ರಿಗೆ ಹೋಗುತ್ತೆ,” ಎಂದಳು.

ಒಂದು ಸಾಲು. ನಾನು ಮರುದಿನವೇ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಕಿಟಕಿಯಲ್ಲಿದ್ದ ಸಿಬ್ಬಂದಿಯ ಜೊತೆ ನಡೆದ ಮಾತುಕತೆಯನ್ನು ನಿಮ್ಮ ಅವಗಾಹನೆಗಾಗಿ ಇಲ್ಲಿ ಕೊಡುತ್ತಿದ್ದೇನೆ.

“ಮೇಡಂ, ಸಿಸ್ಟಮ್ಮಲ್ಲಿ ಅವ್ರು ಒಪ್ಪಿಗೆ ಕೊಟ್ಟಿದ್ದಾರೆ ಅಂತಿದೆ.”

“ಅವರಿಗೆ ಓದೋಕೆ ಕಣ್ಣು ಕಾಣ್ಸಲ್ಲ.”

“ಕಾಣ್ಸಲ್ಲ ಅಂದ್ಮೇಲೆ ಒಪ್ಕೋಬಾರ್ದಿತ್ತು.”

“ಹಾಗಂತ ಅವರಿಗೆ ಯಾರು ಹೇಳ್ಬೇಕಿತ್ತು?”

“ನಿಯಮದಲ್ಲೇ ಇದೆ ಮೇಡಂ. ಅದೇ ಪುಟ, ಕೆಳಗಡೆ, ಸಣ್ಣ ಅಕ್ಷರದಲ್ಲಿ.”

“ಸರಿ. ಲಾರಿ ಆ ಹೊತ್ತಿಗೆ ನಮ್ಮ ಬೀದೀಲಿತ್ತು, ಅದರ ವೈಫೈ ಆನ್ ಇತ್ತು ಅಂತ ಬರೆದುಕೊಡಿ. ಅಷ್ಟೇ.”

“ಅದು ಹೇಗೆ ಬರೆಯೋಕಾಗುತ್ತೆ? ಲಾರಿ ಆರೋಗ್ಯ ವಿಭಾಗದ್ದು. ವೈಫೈ ನಮ್ದು. ಲಾರಿ ಮೇಲಿರೋ ವೈಫೈ ಯಾರ್ದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.”

ಆ ಕ್ಷಣದಲ್ಲಿ ನನ್ನ ಕೈಚೀಲದಲ್ಲಿದ್ದ ಫೋನು ಗುಂಯ್ ಎಂದಿತು. ತೆಗೆದು ನೋಡಿದರೆ ಅಧ್ಯಕ್ಷರು, ಎದೆಯ ಮೇಲೆ ಕೈ. ಸಿಬ್ಬಂದಿ ಇಣುಕಿ ನೋಡಿ, “ನೋಡಿ, ಎಷ್ಟು ಚೆನ್ನಾಗಿ ಕೆಲ್ಸ ಮಾಡುತ್ತೆ,” ಎಂದರು.

ನಿರ್ದೇಶಕರೇ, ಒಪ್ಪಿಗೆ ಎಂಬ ಮಾತಿನ ಬಗ್ಗೆ ನಾನು ಈ ವಾರವೆಲ್ಲ ಯೋಚಿಸಿದೆ. ನಮ್ಮ ಊರಿನಲ್ಲಿ ಹಗಲೆಲ್ಲ ಬಾಗಿಲುಗಳು ತೆರೆದೇ ಇರುತ್ತವೆ. ಬೀದಿಯಲ್ಲಿ ಹೋಗುವವರಿಗೆ ಒಳಗಿನ ಜೋಲಿಯೂ ಕಾಣುತ್ತದೆ, ಅದರಲ್ಲಿ ಮಲಗಿದವರ ಪಾದವೂ ಕಾಣುತ್ತದೆ. ಹಾಗೆಂದು ಯಾರೂ ಒಳಗೆ ನುಗ್ಗುವುದಿಲ್ಲ. ಹೊಸ್ತಿಲಾಚೆ ನಿಂತು ‘ಬುಯೆನಾಸ್’ ಎಂದು ಕೂಗಿ, ಒಳಗಿನಿಂದ ‘ಬನ್ನಿ’ ಎಂಬ ದನಿ ಬರುವವರೆಗೆ ಬಿಸಿಲಲ್ಲಿ ಕಾಯುತ್ತಾರೆ. ಪಾದ್ರಿಗಳೂ ಕಾಯುತ್ತಾರೆ. ವೋಟು ಕೇಳಲು ಬಂದ ಅಧ್ಯಕ್ಷರೂ ಕಾದಿದ್ದರು, ನಾನೇ ನೋಡಿದ್ದೇನೆ. ತೆರೆದ ಬಾಗಿಲು ಒಪ್ಪಿಗೆಯಲ್ಲ ಎಂಬುದನ್ನು ಇಲ್ಲಿ ನಾಯಿಗಳೂ ಬಲ್ಲವು. ಹಾಗಿರುವಾಗ, ಒಂದು ಮಧ್ಯಾಹ್ನ ಚೌಕದಲ್ಲಿ ತಿಂಡಿಯ ಆಸೆಗೆ ಹೂಂ ಎಂದವರು ಇನ್ನು ಬದುಕಿರುವಷ್ಟು ಕಾಲ, ಊರಿನ ಯಾವ ಮೂಲೆಯಲ್ಲಾದರೂ, ಯಾರ ಜೊತೆ ಮಾತಿನಲ್ಲಿದ್ದರೂ ಹೂಂ ಎಂದಂತೆಯೇ ಎಂದು ಯಾರು ತೀರ್ಮಾನಿಸಿದರು? ಇಷ್ಟು ಗಟ್ಟಿಯಾದ ಒಪ್ಪಿಗೆಯನ್ನು ನಮ್ಮಲ್ಲಿ ಮದುವೆಗಳಲ್ಲೂ ಕೇಳುವುದಿಲ್ಲ.

ನಿಮ್ಮದೇ ಜಾಲಕ್ಕೆ ಇಷ್ಟು ಹೇಳಿದೆ. ಆ ಹೆಸರಿನ ಜಾಲವನ್ನು ಯಾರು ಬೇಕಾದರೂ ತೆರೆಯಬಹುದೆಂದು ನಮ್ಮ ಕಾಲೇಜಿನ ಕಂಪ್ಯೂಟರ್ ಮೇಷ್ಟರು ಹೇಳುತ್ತಾರೆ. ಚೌಕದ ಕಲ್ಲುಬೆಂಚಿನಲ್ಲಿ ಕೂತು ಒಬ್ಬ ತನ್ನ ಜಾಲಕ್ಕೂ ‘ಸದಾ ನಿಮ್ಮೊಂದಿಗೆ’ ಎಂದು ಹೆಸರಿಟ್ಟರೆ ನಮ್ಮ ಫೋನುಗಳು ಅದನ್ನೂ ನಂಬಿ ಹೋಗಿ ಸೇರುತ್ತವಂತೆ. ಅವನ ಪುಟದಲ್ಲಿ ಬ್ಯಾಂಕಿನ ಗುಪ್ತಸಂಖ್ಯೆ ಕೇಳಿದರೆ ಎಷ್ಟು ಮಂದಿ ಕೊಡುತ್ತಾರೋ ಗೊತ್ತಿಲ್ಲ. ಎದೆಯ ಮೇಲೆ ಕೈಯಿಟ್ಟ ಒಂದು ಫೋಟೊ ಇದ್ದರೆ ಬಹಳ ಮಂದಿ ಕೊಡುತ್ತಾರೆಂದು ನನ್ನ ಊಹೆ. ಊರಿಗೆ ಊರನ್ನೇ ಈ ಅಭ್ಯಾಸಕ್ಕೆ ಪಳಗಿಸಿದ್ದು ಯಾರು?

ನೀವು ಹೇಳಬಹುದು: ಬೇಡವಾದವರು ಫೋನಿನಲ್ಲಿ ನಿಲ್ಲಿಸಿಕೊಳ್ಳಲಿ ಎಂದು. ನಿಲ್ಲಿಸಿಕೊಂಡೆವು. ಹೋದ ಶನಿವಾರ ಸಂಜೆ ಲೊಟೆರಿಯಾ ಬದಲು ಅದೇ ನಡೆಯಿತು. ಕುರ್ಚಿಯಿಂದ ಕುರ್ಚಿಗೆ ಹೋಗಿ ತೋರಿಸಿಕೊಟ್ಟೆ. ಪತ್ರಿಕೆಯಲ್ಲಿ ಈ ಪತ್ರ ಓದುವ ಬೇರೆ ಬೀದಿಗಳವರಿಗೂ ಹೇಳಿಬಿಡುತ್ತೇನೆ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ವೈಫೈ ಒತ್ತಿ, ಹಿಂದೆ ಸೇರಿದ ಜಾಲಗಳ ಪಟ್ಟಿಯಲ್ಲಿ ಈ ಹೆಸರನ್ನು ಹುಡುಕಿ. ಅದರೊಳಗೆ ‘ತಾನಾಗಿ ಸೇರು’ ಎಂದಿರುವುದನ್ನು ಆಫ್ ಮಾಡಿ. ಚೌಕದ ಇಂಟರ್ನೆಟ್ಟೂ ಬೇಡವೆಂದರೆ ಆ ಜಾಲವನ್ನೇ ಮರೆಯುವಂತೆ ಫೋನಿಗೆ ಹೇಳಿ. ಕೆಲವು ಫೋನುಗಳಲ್ಲಿ ಹತ್ತಿರದ ತೆರೆದ ಜಾಲಗಳಿಗೆಲ್ಲ ಸೇರು ಎಂಬ ಇನ್ನೊಂದು ಗುಂಡಿ ಇರುತ್ತದೆ, ಅದನ್ನೂ ಬಿಡಬೇಡಿ. ಸುಲಭ. ಅಕ್ಷರ ಕಾಣುವವರಿಗೆ.

ಹಂದಿಮಾಂಸದ ಅಂಗಡಿಯ ದೋನ್ ಗಾಸ್ಪರ್ ತಮ್ಮ ಫೋನನ್ನು ನನ್ನ ಕೈಗಿಟ್ಟು ದನಿ ತಗ್ಗಿಸಿ ಕೇಳಿದರು, “ಟೀಚರ್, ಇದ್ನ ಆಫ್ ಮಾಡಿದ್ರೆ ಅಧ್ಯಕ್ಷರಿಗೆ ಗೊತ್ತಾಗುತ್ತಾ?”

“ಇಲ್ಲ.”

“ಹಂಗಾದ್ರೆ ನನ್ನ ಹೆಂಡ್ತಿ ಫೋನಲ್ಲೂ ಮಾಡ್ಬಿಡಿ.” ಆಮೇಲೆ ದೋನ್ಯಾ ಫಿಡೆಲಿಯಾರತ್ತ ತಿರುಗಿ, “ಏನೇ ಹೇಳಿ ದೋನ್ಯಾ, ಅಧ್ಯಕ್ಷರ ಹತ್ರ ಅಷ್ಟು ಹೊತ್ತು ಮಾತಾಡ್ದೋರು ಈ ಊರಲ್ಲಿ ನೀವೊಬ್ರೇ. ನಮ್ಮ ರಸ್ತೆ ಗುಂಡಿ ವಿಷ್ಯ ಒಂಚೂರು ಹೇಳ್ಬಾರ್ದಿತ್ತಾ?”

“ಗುಂಡಿ ನಂಗೆಲ್ಲಿ ಕಾಣುತ್ತೋ. ಅದೇನಿದ್ರೂ ನನ್ನ ಮೊಣಕಾಲು ಹೇಳ್ಬೇಕು.”

ಬೀದಿಯೆಲ್ಲ ನಕ್ಕಿತು. ಅವರೂ ನಕ್ಕರು. ಆಮೇಲೆ ಯಾರೋ ಎಲೆಗಳ ಕಟ್ಟನ್ನು ತಂದು ಅವರ ಮುಂದೆ ಹಿಡಿದರು. ಇವತ್ತು ಬೇಡ, ನೀವೇ ಯಾರಾದರೂ ಕೂಗಿ ಎಂದರು ದೋನ್ಯಾ ಫಿಡೆಲಿಯಾ. ಯಾರೂ ಕೂಗಲಿಲ್ಲ. ಕುರ್ಚಿಗಳು ಬೇಗ ಒಳಗೆ ಹೋದವು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಗುರುವಾರ ಬೆಳಿಗ್ಗೆ ನಿಮ್ಮ ಜಾಲ ಹೊತ್ತ ಲಾರಿ ನಮ್ಮ ಬೀದಿಯಲ್ಲಿತ್ತು ಎಂದು ಒಂದು ಸಾಲನ್ನು ಬರೆದು ಸಹಿ ಮಾಡಿ, ಸೀಲ್ ಹಾಕಿ, ತಿಂಗಳು ಮುಗಿಯುವ ಮೊದಲು ದೋನ್ಯಾ ಫಿಡೆಲಿಯಾ ಪೂತ್ ಅವರಿಗೆ ಕೊಡಿ. ಲಾರಿಯ ಮೇಲಿನ ವೈಫೈ ಯಾರದ್ದೆಂಬ ತೀರ್ಮಾನ ಆಮೇಲೆ ನಿಧಾನವಾಗಿ ಆಗಲಿ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಲಾರಿಗಳಿಂದ ಆ ಜಾಲವನ್ನು ಇಳಿಸಿ. ಚೌಕದ್ದಕ್ಕೆ ಬೇರೆ ಹೆಸರಿಡಿ, ಬೇಕಾದವರು ತಾವಾಗಿಯೇ ಬಂದು ಸೇರಲಿ. ಶಾಲೆಯ ಮಕ್ಕಳು ಅಲ್ಲಿ ಕೂತು ಪಾಠ ಓದುತ್ತಾರೆ, ಅದು ಒಳ್ಳೆಯದೇ. ಸ್ವಾಗತ ಪುಟದಿಂದ ಭಾವಚಿತ್ರವನ್ನು ತೆಗೆಯಿರಿ, ಆ ಜಾಗದಲ್ಲಿ ‘ನೀವು ಈಗ ಪುರಸಭೆಯ ಜಾಲಕ್ಕೆ ಸೇರುತ್ತಿದ್ದೀರಿ, ಬೇಡವಾದರೆ ಇಲ್ಲಿ ಒತ್ತಿ’ ಎಂದು ದೊಡ್ಡ ಅಕ್ಷರಗಳಲ್ಲಿ ಹಾಕಿ. ಎಷ್ಟು ದೊಡ್ಡದು ಎಂಬ ಅನುಮಾನ ಬಂದರೆ ನಮ್ಮ ಬೀದಿಗೆ ಬಂದು ದೋನ್ಯಾ ಫಿಡೆಲಿಯಾರಿಗೆ ತೋರಿಸಿ, ಅವರು ಓದಿ ಹೇಳುತ್ತಾರೆ.

ಇಂತಿ,
ತಮ್ಮ ಜಾಲದೊಳಗೆ ಒಂದು ಮಾರ್ಕೆಸಿತಾಗೆ ಸೇರಿ,
ಹೊರಬರಲು ವರ್ಷ ಹಿಡಿದ
ನೊಯೆಮಿ ಕಾನುಲ್

ಮರುಬರಹ: ಸಹಿ ಹಾಕಿದ ಮೇಲೆ, ಅವರ ವಿಷಯವಾದ್ದರಿಂದ, ಪತ್ರವನ್ನು ದೋನ್ಯಾ ಫಿಡೆಲಿಯಾರಿಗೆ ಅವರ ಮನೆಯಲ್ಲೇ ಕೂತು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಪತ್ರಿಕೆಯ ಸಂಪಾದಕರಿಗೆ ಕೊಟ್ಟುಬರಲು ನಾನು ಮನೆಯಿಂದ ಹೊರಡುತ್ತಿದ್ದಾಗ, ಅವರು ಗೋಡೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. “ಪೊರೆ ತೆಗೆಯೋದು ಅಂತ ಸುಮ್ನೆ ಬರೆದಿದ್ದೀಯಲ್ಲಮ್ಮ, ಎರಡೂ ಕಣ್ಣಿಂದು ಅಂತ ಸೇರ್ಸು,” ಎಂದರು. “ಪುರಸಭೆಯೋರು ಏನ್ ಕೇಳಿದ್ರೂ ಅರ್ಧನೇ ಕೊಡೋದು. ಒಂದಾದ್ರೂ ಬರ್ಲಿ.”